ಚಿಲ್ಲರೆ ತಾಪತ್ರಯ ತಪ್ಪಿತು, ಲೆಕ್ಕದ ತಾಪತ್ರಯ ಬಂತು!

ಪೇಟೆಯ ಯಾವ ಅಂಗಡಿಗಾದರೂ ಹೋಗಿ ನೋಡಿ. ಗಲ್ಲಾ ಪೆಟ್ಟಿಗೆಯ ಮೇಲೆ ಲಕ್ಷ್ಮಿ ಪಟ. ಅದರ ಕೆಳಗೆ ಕಪ್ಪು ಬಿಳುಪು ಚುಕ್ಕಿಗಳ ಚೌಕದ ಚೀಟಿ. ಪಕ್ಕದಲ್ಲಿ ‘ಇಪ್ಪತ್ತು ರೂಪಾಯಿ ಬಂದಿದೆ’ ಅಂತ ಬೀದಿಗೆಲ್ಲ ಕೇಳುವಂತೆ ಕೂಗುವ ಡಬ್ಬಿ. ಕಿರಾಣಿ ಸಾಹುಕಾರರಿಂದ ಹಿಡಿದು ಮಂಡಕ್ಕಿ ಮಿರ್ಚಿ ಗಾಡಿಯವರ ತನಕ, ಬಸ್ ಸ್ಟ್ಯಾಂಡಿನ ಹೂವಿನ ಅಮ್ಮನಿಂದ ಹಿಡಿದು ಚಪ್ಪಲಿ ಹೊಲಿಯುವ ಅಣ್ಣನ ತನಕ ಈ ಚೀಟಿ ಬಂದು ಕೂತಿದೆ. ಗಿರಾಕಿ ಬಂದವನು ಮೊದಲು ರೇಟು ಕೇಳುತ್ತಿದ್ದ ಕಾಲ ಹೋಯ್ತು. ಈಗ ಮೊದಲ ಮಾತೇ ‘ಸ್ಕ್ಯಾನರ್ ಎಲ್ಲೈತ್ರಿ?’

ಇಷ್ಟು ಪ್ರೀತಿಯಿಂದ ಅಂಟಿಸಿಕೊಂಡ ಚೀಟಿಯನ್ನು 2025ರ ಜುಲೈ ತಿಂಗಳಲ್ಲಿ ರಾಜ್ಯದ ಎಷ್ಟೋ ವ್ಯಾಪಾರಿಗಳು ತಾವೇ ಕಿತ್ತು ಹಾಕಿದರು. ಆ ಜಾಗಕ್ಕೆ ‘ಯುಪಿಐ ಇಲ್ಲ, ನಗದು ಮಾತ್ರ’ ಅಂತ ಬೋರ್ಡು ಬಂತು. ಬೆಂಗಳೂರಿನಲ್ಲಿ ಶುರುವಾದ ಈ ಬೋರ್ಡಿನ ಗಾಳಿ ಊರೂರಿಗೂ ಬೀಸಿತು. ಯಂತ್ರ ಕೆಟ್ಟಿತ್ತೇ? ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ನಂಬಿಕೆ. ಚೀಟಿ ತಂದು ಅಂಟಿಸಿದವರು ಅದರ ಜತೆ ಬರುವ ಲೆಕ್ಕ ಏನು, ಅಪಾಯ ಏನು, ಯಾರ ಜವಾಬ್ದಾರಿ ಎಷ್ಟು ಅನ್ನೋದನ್ನ ವ್ಯಾಪಾರಿಗೆ ಬಾಯಿಬಿಟ್ಟು ಹೇಳಲೇ ಇಲ್ಲ. ಇಡೀ ರಾಮಾಯಣದ ಮೂಲ ಅಲ್ಲೇ ಇದೆ.

ಪೆಪ್ಪರಮಿಂಟ್ ರಾಜ್ಯಭಾರ

ಮೊದಲು ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು. ಚಿಲ್ಲರೆಯ ಗೋಳು ಏನು ಅಂತ ಬಸ್ಸಿನಲ್ಲಿ ಓಡಾಡುವವರಿಗೆ ಬೇರೆ ಹೇಳಬೇಕಾಗಿಲ್ಲ. ಕಂಡಕ್ಟರ್ ಟಿಕೆಟ್ಟಿನ ಬೆನ್ನಿಗೆ ‘4’ ಅಂತ ಗೀಚಿ ಕೊಡೋದು, ಇಳಿಯೋ ಹೊತ್ತಿಗೆ ಆ ನಾಲ್ಕು ರೂಪಾಯಿ ಇಬ್ಬರಿಗೂ ಮರೆತು ಹೋಗೋದು. ಮರೆಯದವನು ಕೇಳಿದರೆ ‘ನೀವಿಬ್ರೂ ಹಂಚ್ಕೊಳ್ರಿ’ ಅಂತ ಇಬ್ಬರು ಅಪರಿಚಿತರಿಗೆ ಒಂದೇ ಹತ್ತರ ನೋಟು ಕೊಟ್ಟು ಇಳಿಸಿಬಿಡೋದು. ಅಂಗಡಿಯಲ್ಲಾದರೆ ಒಂದು ರೂಪಾಯಿ ಬದಲಿಗೆ ಪೆಪ್ಪರಮಿಂಟ್. ಅದೇ ಪೆಪ್ಪರಮಿಂಟನ್ನು ಗಿರಾಕಿ ವಾಪಸ್ ತಂದು ಒಂದು ರೂಪಾಯಿ ಅಂತ ಕೊಟ್ಟರೆ ಸಾಹುಕಾರರು ತಗೊಳ್ಳುತ್ತಿದ್ದರೇ?

ಆ ಪೆಪ್ಪರಮಿಂಟ್ ರಾಜ್ಯಭಾರ ಮುಗಿಸಿದ್ದು ಯುಪಿಐ. ರಾಷ್ಟ್ರೀಯ ಪಾವತಿ ನಿಗಮ ಇದನ್ನು 2016ರ ಏಪ್ರಿಲ್‌ನಲ್ಲಿ ಶುರು ಮಾಡಿದಾಗ ಪೇಟೆಯಲ್ಲಿ ಯಾರೂ ಕಣ್ಣೆತ್ತಿ ನೋಡಲಿಲ್ಲ. ಅದೇ ವರ್ಷ ನವೆಂಬರ್ 8ರ ರಾತ್ರಿ 500 ಮತ್ತು 1,000ದ ನೋಟು ರದ್ದಾದವು. ಬ್ಯಾಂಕಿನ ಮುಂದೆ ಸರದಿ ಹನುಮಂತನ ಬಾಲದ ಹಾಗೆ ಬೆಳೆಯಿತು. ಆಗ ಜನ ಮೊಬೈಲಿನ ಕಡೆ ತಿರುಗಿದರು. ಆಮೇಲೆ ಕೊರೊನಾ ಬಂತು, ನೋಟು ಮುಟ್ಟೋದಕ್ಕೇ ಜನ ಹೆದರಿದರು. ಚೀಟಿ ಗಟ್ಟಿಯಾಗಿ ಅಂಟಿಕೊಂಡಿತು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ ಈ ದಾರಿಯಲ್ಲಿ ನಡೆದ ವ್ಯವಹಾರ 2,000 ಕೋಟಿ ಸಂಖ್ಯೆ ದಾಟಿತು, ಮೊತ್ತ ಸುಮಾರು 24.85 ಲಕ್ಷ ಕೋಟಿ ರೂಪಾಯಿ. ಭಾಗಾಕಾರ ಮಾಡಿದರೆ ಒಂದು ವ್ಯವಹಾರಕ್ಕೆ ಸರಾಸರಿ 1,240 ರೂಪಾಯಿ ಆಸುಪಾಸು. ಈ ಸರಾಸರಿಯಲ್ಲಿ ಲಕ್ಷದ ವ್ಯವಹಾರವೂ ಉಂಟು, ಹತ್ತು ರೂಪಾಯಿ ಚಹಾವೂ ಉಂಟು.

ಪುಕ್ಕಟೆ ಅನ್ನೋ ಮಾತು

‘ಒಂದು ಪೈಸೆ ಖರ್ಚಿಲ್ರಿ, ಪೂರಾ ಪುಕ್ಕಟೆ’ ಅಂತಲೇ ಚೀಟಿ ಅಂಟಿಸುವ ಹುಡುಗರು ಅಂಗಡಿ ಹತ್ತಿದ್ದು. ಆ ಮಾತು ಅರ್ಧ ಸತ್ಯ. 2020ರ ಜನವರಿ 1ರಿಂದ ಗಿರಾಕಿಯ ಬ್ಯಾಂಕ್ ಖಾತೆಯಿಂದ ವ್ಯಾಪಾರಿಯ ಖಾತೆಗೆ ಯುಪಿಐ ಮೂಲಕ ಬರುವ ಹಣದ ಮೇಲೆ ವ್ಯಾಪಾರಿ ಕಮಿಷನ್ ಕೊಡಬೇಕಾಗಿಲ್ಲ ಅಂತ ಕೇಂದ್ರ ಸರ್ಕಾರ ಮಾಡಿತು. ಇದು ಸಣ್ಣ ವ್ಯಾಪಾರಿಗೆ ದೊಡ್ಡ ಉಪಕಾರವೇ. ಚಹಾದ ಅಂಗಡಿಯವನು ಪ್ರತಿ ಕಪ್ಪಿನ ಮೇಲೂ ಬ್ಯಾಂಕಿಗೆ ದಕ್ಷಿಣೆ ಇಡಬೇಕಾಗಿದ್ದರೆ ಚೀಟಿಯನ್ನು ಅವತ್ತೇ ಒಲೆಗೆ ಹಾಕುತ್ತಿದ್ದ.

ಆದರೆ ಕಂಪ್ಯೂಟರ್, ಕರೆಂಟು, ಎಂಜಿನಿಯರುಗಳ ಸಂಬಳ ಪುಕ್ಕಟೆ ಬರೋದಿಲ್ಲವಲ್ಲ? ಆ ಖರ್ಚಿಗೆ ಸರ್ಕಾರ ಬೊಕ್ಕಸದಿಂದ ಒಂದು ಪಾಲು ಕೊಡುತ್ತಾ ಬಂದಿದೆ. 2024-25ರ ಸಾಲಿಗೆ ಸುಮಾರು 1,500 ಕೋಟಿ ರೂಪಾಯಿ ಅಂತ ಮಂಜೂರಾಗಿತ್ತು. ಸಣ್ಣ ವ್ಯಾಪಾರಿಗೆ ಬರುವ 2,000 ರೂಪಾಯಿ ಒಳಗಿನ ಪಾವತಿಗೆ ನೂರಕ್ಕೆ 15 ಪೈಸೆ ಲೆಕ್ಕ. ಆ ದುಡ್ಡು ಹೋಗೋದು ಬ್ಯಾಂಕು, ಕಂಪನಿಗಳ ಪಾಲಿಗೆ. ಬೊಕ್ಕಸ ತುಂಬೋದು ಯಾರಿಂದ? ಸೋಪು, ಪೇಸ್ಟು, ಬಿಸ್ಕತ್ತು ಕೊಂಡವರಿಂದಲೇ. ಖರ್ಚನ್ನು ಯಾರಾದರೂ ಹೊರಲೇಬೇಕು ಅಂತ ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರ 2025ರಲ್ಲಿ ಹೇಳಿದ್ದು ಇದೇ ಅರ್ಥದಲ್ಲಿ.

ಉಳಿದದ್ದನ್ನು ಕಂಪನಿಗಳು ಬೇರೆ ಬಾಗಿಲಿಂದ ವಸೂಲಿ ಮಾಡಿಕೊಳ್ಳುತ್ತವೆ. ಚೀಟಿ ಪುಕ್ಕಟೆ, ಕೂಗುವ ಡಬ್ಬಿಗೆ ತಿಂಗಳ ಬಾಡಿಗೆ. ದಿನಾ ಎಷ್ಟು ವ್ಯಾಪಾರ ಆಗುತ್ತೆ ಅನ್ನೋದು ಅವರ ಕಂಪ್ಯೂಟರಿಗೆ ಗೊತ್ತು. ಹಾಗಾಗಿ ‘ಸಾಲ ಬೇಕೇನ್ರಿ?’ ಅಂತ ಫೋನು ತಾನಾಗಿ ಕೇಳುತ್ತೆ. ಸಾಲ ತಗೊಂಡವನ ಕಂತು ದಿನದ ವ್ಯಾಪಾರದಿಂದಲೇ ಮುರಿದು ಹೋಗುತ್ತೆ. ಇದು ತಪ್ಪು ಅಂತ ಅಲ್ಲ. ಪಿಗ್ಮಿ ಕಟ್ಟಿಸಿಕೊಳ್ಳುವವರೂ ದಿನಾ ಬಂದು ಕೂರುತ್ತಿದ್ದರು. ಪಿಗ್ಮಿಯವನ ಪುಸ್ತಕ ವ್ಯಾಪಾರಿಯ ಕಣ್ಣೆದುರಿಗೇ ಇರುತ್ತಿತ್ತು, ಈ ಪುಸ್ತಕ ಎಲ್ಲಿದೆ ಅನ್ನೋದೇ ವ್ಯಾಪಾರಿಗೆ ಗೊತ್ತಿಲ್ಲ. ಅಷ್ಟೇ ವ್ಯತ್ಯಾಸ.

ಹಾವೇರಿಗೆ ಬಂದ 29 ಲಕ್ಷದ ನೋಟಿಸು

ಆ ಪುಸ್ತಕವನ್ನು ಇನ್ನೊಬ್ಬರೂ ಓದಬಹುದು ಅಂತ ಗೊತ್ತಾಗಿದ್ದು 2025ರ ಜುಲೈನಲ್ಲಿ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಕಂಪನಿಗಳಿಂದ ಲೆಕ್ಕ ತರಿಸಿಕೊಂಡಿತು. 2021-22ರಿಂದ 2024-25ರ ತನಕ ಯಾರ ಚೀಟಿಗೆ ಎಷ್ಟು ಬಂದಿದೆ ಅಂತ ಕೂಡಿಸಿ, ಮಿತಿ ದಾಟಿದರೂ ಜಿಎಸ್‌ಟಿ ನೋಂದಣಿ ಮಾಡಿಸದ ಸಾವಿರಾರು ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಅಂಗಡಿ, ಚಹಾ ಅಂಗಡಿ... ಯಾರನ್ನೂ ಬಿಡಲಿಲ್ಲ.

ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಬಂದ ನೋಟಿಸಂತೂ ದೇಶಕ್ಕೇ ಸುದ್ದಿಯಾಯ್ತು. ನಾಲ್ಕು ವರ್ಷದಲ್ಲಿ 1.63 ಕೋಟಿ ರೂಪಾಯಿ ವಹಿವಾಟು, ಅದಕ್ಕೆ 29 ಲಕ್ಷ ತೆರಿಗೆ ಕಟ್ಟು ಅಂತ! ಕೋಟಿ ಅಂದ ಕೂಡಲೇ ಜನ ಬಾಯಿ ಮೇಲೆ ಬೆರಳಿಟ್ಟರು. ಸ್ವಲ್ಪ ಪೆನ್ಸಿಲ್ ಹಿಡಿದು ನೋಡೋಣವೇ? 1.63 ಕೋಟಿಯನ್ನು ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 40.75 ಲಕ್ಷ. ದಿನಕ್ಕೆ ಹಂಚಿದರೆ ಸುಮಾರು 11,160 ರೂಪಾಯಿ. ಇದು ಲಾಭ ಅಲ್ಲ ಸ್ವಾಮಿ, ಗಲ್ಲಾಕ್ಕೆ ಬಂದು ಹೋದ ದುಡ್ಡು. ಬೆಳಗ್ಗೆ ರೈತನಿಗೆ ಕೊಟ್ಟಿದ್ದು, ಹಮಾಲಿ, ಗಾಡಿ ಬಾಡಿಗೆ, ಕೊಳೆತು ಬಿಸಾಕಿದ ಟೊಮೆಟೊ ಎಲ್ಲ ಕಳೆದ ಮೇಲೆ ಮನೆಗೆ ಹೋಗುವ ದುಡ್ಡು ಎಷ್ಟು ಅನ್ನೋದು ತರಕಾರಿ ಮಾರುವವರಿಗೆಲ್ಲ ಗೊತ್ತು. ಇನ್ನು ಆ 29 ಲಕ್ಷ? ಭಾಗಿಸಿ ನೋಡಿದರೆ ನೂರಕ್ಕೆ ಹದಿನೆಂಟರ ಹತ್ತಿರ ಬರುತ್ತದೆ. ತಾಜಾ ತರಕಾರಿಗೆ ಕಾನೂನಿನಲ್ಲಿ ಜಿಎಸ್‌ಟಿಯೇ ಇಲ್ಲ! ಬದನೆಕಾಯಿ ಮಾರಿದವನಿಗೂ ಫ್ರಿಜ್ಜು ಮಾರಿದವನಿಗೂ ಒಂದೇ ತಕ್ಕಡಿ.

ತಪ್ಪು ಯಾರದು? ಕಂಪ್ಯೂಟರಿಗೆ ಕಂಡದ್ದು ಬಂದ ಹಣ ಮಾತ್ರ. ಆ ಹಣ ಟೊಮೆಟೊದ್ದೋ, ತಂಗಿ ಗಂಡ ವಾಪಸ್ ಕೊಟ್ಟ ಕೈಗಡವೋ, ಚೀಟಿ ಹಣವೋ ಅದಕ್ಕೇನು ಗೊತ್ತು? ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳೋದು ಕುರ್ಚಿ ಮೇಲೆ ಕೂತ ಮನುಷ್ಯನ ಕೆಲಸ. ಒಂದು ಸಲ ಅಂಗಡಿಗೆ ಬಂದು ಬುಟ್ಟಿ ನೋಡಿದ್ದರೆ ಸಾಕಿತ್ತು.

ಗಲಾಟೆ ಜೋರಾಯ್ತು. ಜುಲೈ 25ಕ್ಕೆ ಬಂದ್ ಅಂತ ವ್ಯಾಪಾರಿ ಸಂಘದವರು ಕರೆ ಕೊಟ್ಟರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನು ಕರೆಸಿ ಕೂತು ಮಾತಾಡಿದರು. ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ವಸೂಲಿ ಮಾಡೋದಿಲ್ಲ, ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸಾಮಾನಿನ ನೋಟಿಸು ಕೈಬಿಡುತ್ತೇವೆ ಅಂತ ಭರವಸೆ ಸಿಕ್ಕಿತು. ಬಿಸಿ ಇಳಿಯಿತು. ಆಮೇಲೆ ಇಲಾಖೆ ತಿಳಿವಳಿಕೆ ಸಭೆಗಳನ್ನೂ ಮಾಡಿತು. ಮೊದಲು ಬೆಂಕಿ, ಆಮೇಲೆ ಬಾವಿ! ಸಭೆ ಮೊದಲು, ನೋಟಿಸು ಆಮೇಲೆ ಅಂತ ಮಾಡಿದ್ದರೆ ಏನು ಗಂಟು ಹೋಗುತ್ತಿತ್ತು?

ದಿನಕ್ಕೆ ಎಷ್ಟು ಚಹಾ?

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯ ಆಗುತ್ತೆ. ಪೇಟೆಯಲ್ಲಿ ಎಲ್ಲರೂ ಬಡಪಾಯಿಗಳೇನೂ ಅಲ್ಲ. ಹೊರಗೆ ‘ಸಣ್ಣ ಅಂಗಡಿ’ ಅಂತ ಮುಖ ಮಾಡಿ ಒಳಗೆ ಗೋಡೌನು ತುಂಬಿಕೊಂಡವರೂ ಇದ್ದಾರೆ. ಗಿರಾಕಿ ಹತ್ತಿರ ತೆರಿಗೆ ಸೇರಿಸಿಯೇ ವಸೂಲಿ ಮಾಡಿ ಸರ್ಕಾರಕ್ಕೆ ಮುಟ್ಟಿಸದವರಿಗೆ ನೋಟಿಸು ಬಂದರೆ ಯಾರೂ ಕಣ್ಣೀರು ಹಾಕಬೇಕಾಗಿಲ್ಲ. ಪ್ರಾಮಾಣಿಕವಾಗಿ ತೆರಿಗೆ ಕಟ್ಟುವ ಪಕ್ಕದ ಅಂಗಡಿಯವನಿಗೆ ಅಂಥವರಿಂದಲೇ ನಷ್ಟ.

ನಿಯಮ ಇಷ್ಟೇ. ಸಾಮಾನು ಮಾರುವವರ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಬೇಕು. ಸೇವೆ ಕೊಡುವವರಿಗೆ ಮಿತಿ 20 ಲಕ್ಷ. ಹೋಟೆಲು, ಚಹಾ ಅಂಗಡಿ ಈ ಎರಡನೇ ಸಾಲಿಗೆ ಸೇರುತ್ತವೆ. ಇದನ್ನು ಅಂಗಡಿ ಭಾಷೆಗೆ ಇಳಿಸಿದರೆ, ಕಿರಾಣಿಯವರಿಗೆ ದಿನಕ್ಕೆ ಸುಮಾರು 10,950 ರೂಪಾಯಿ, ಚಹಾದವರಿಗೆ ದಿನಕ್ಕೆ ಸುಮಾರು 5,480 ರೂಪಾಯಿ. ಹತ್ತು ರೂಪಾಯಿ ಕಪ್ಪಿನ ಲೆಕ್ಕದಲ್ಲಿ ದಿನಕ್ಕೆ 548 ಕಪ್ ಚಹಾ. ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಗೆ ಅದು ದೊಡ್ಡ ಸಂಖ್ಯೆಯೇ ಅಲ್ಲ.

ಇಲ್ಲಿ ಎರಡು ಮಾತು ಕಿವಿಯಲ್ಲಿ ಇಟ್ಟುಕೊಳ್ಳಬೇಕು. ಒಂದು, ವಹಿವಾಟು ಅಂದರೆ ಯುಪಿಐ ಮಾತ್ರ ಅಲ್ಲ, ನಗದೂ ಸೇರಿತು. ‘ನಗದು ಮಾತ್ರ’ ಬೋರ್ಡು ಹಾಕಿದ ಕೂಡಲೇ ತೆರಿಗೆ ಮಾಯ ಆಗೋದಿಲ್ಲ. ಎರಡು, ಬರೀ ತೆರಿಗೆ ಇಲ್ಲದ ಸಾಮಾನನ್ನೇ ಮಾರುವವರಿಗೆ ನೋಂದಣಿಯೇ ಬೇಡ. ತರಕಾರಿ ಜತೆ ಸೋಪು, ಶಾಂಪೂ ಇಟ್ಟವರಿಗೆ ಮಾತ್ರ ಮಿತಿ ಲೆಕ್ಕ ಹಾಕುವಾಗ ತರಕಾರಿ ದುಡ್ಡೂ ಕೂಡಿಕೊಳ್ಳುತ್ತದೆ. ಇನ್ನು ಮಿತಿ ದಾಟಿದವರೆಲ್ಲ ದೊಡ್ಡ ದೊಡ್ಡ ಲೆಕ್ಕ ಬರೆಯಬೇಕು ಅಂತಲೂ ಇಲ್ಲ. ಕಾಂಪೋಸಿಷನ್ ಅಂತ ಒಂದು ದಾರಿ ಇದೆ, ಕನ್ನಡದಲ್ಲಿ ರಾಜಿ ತೆರಿಗೆ. ವರ್ಷಕ್ಕೆ 1.5 ಕೋಟಿ ವಹಿವಾಟಿನ ತನಕ ಸಾಮಾನು ಮಾರುವವರು ನೂರಕ್ಕೆ 1, ಹೋಟೆಲಿನವರು ನೂರಕ್ಕೆ 5 ಕಟ್ಟಿ ಸುಮ್ಮನಾಗಬಹುದು. ಆದರೆ ಆ ತೆರಿಗೆಯನ್ನು ಗಿರಾಕಿಯ ಬಿಲ್ಲಿಗೆ ಸೇರಿಸುವಂತಿಲ್ಲ. ಜಿಎಸ್‌ಟಿ ಬಂದದ್ದು 2017ರ ಜುಲೈ 1ರಂದು. ಇಷ್ಟು ವರ್ಷದಲ್ಲಿ ಈ ನಾಲ್ಕು ಸಾಲನ್ನು ಒಂದು ಕರಪತ್ರ ಮಾಡಿ ಸಂತೆಯಲ್ಲಿ ಹಂಚಿದ್ದರೆ ಎಷ್ಟು ಜನರ ನಿದ್ದೆ ಉಳಿಯುತ್ತಿತ್ತು!

ಕಳ್ಳರಿಗೂ ಹೊಸ ದಾರಿ

ಗಲ್ಲಾಕ್ಕೆ ಕೈ ಹಾಕುವ ಕಳ್ಳನಿಗೆ ಧೈರ್ಯ ಬೇಕಿತ್ತು. ಈಗಿನವನಿಗೆ ಒಂದು ಮೊಬೈಲು ಸಾಕು. ಸಂಜೆ ಏಳು ಗಂಟೆ, ಅಂಗಡಿ ತುಂಬ ಜನ. ಒಬ್ಬ ಬಂದು ಸಾಮಾನು ತಗೊಂಡು ಫೋನ್ ಎತ್ತಿ ತೋರಿಸುತ್ತಾನೆ, ಹಸಿರು ಟಿಕ್ ಗುರುತು. ‘ಹೋತ್ ನೋಡ್ರಿ ಅಣ್ಣಾರ’ ಅಂದವನೇ ಹೋದ. ರಾತ್ರಿ ಲೆಕ್ಕ ಹಾಕಿದರೆ ದುಡ್ಡೇ ಬಂದಿಲ್ಲ. ಹಸಿರು ಟಿಕ್ ತೋರಿಸೋಕೆ ಅಂತಲೇ ನಕಲಿ ಆ್ಯಪುಗಳು ಇವೆ. ಗಿರಾಕಿಯ ಫೋನಿನಲ್ಲಿ ಕಂಡದ್ದು ಸಾಕ್ಷಿ ಅಲ್ಲ. ತನ್ನ ಡಬ್ಬಿ ಕೂಗಬೇಕು, ಇಲ್ಲ ತನ್ನ ಖಾತೆಯಲ್ಲಿ ಕಾಣಬೇಕು.

ಇನ್ನೊಂದು ಆಟ ಚೀಟಿ ಬದಲಾಯಿಸೋದು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ರಾತ್ರೋರಾತ್ರಿ ಅಂಗಡಿಗಳ ಚೀಟಿಯ ಮೇಲೆ ತಮ್ಮ ಚೀಟಿ ಅಂಟಿಸಿ ಹೋಗಿದ್ದರು. ಬೆಳಗ್ಗೆ ಗಿರಾಕಿ ಕೊಟ್ಟ ದುಡ್ಡು ಕಳ್ಳರ ಖಾತೆಗೆ. ಬಾಗಿಲು ತೆಗೆದ ಕೂಡಲೇ ದೇವರಿಗೆ ಊದಿನಕಡ್ಡಿ ಹಚ್ಚೋ ಹಾಗೆ, ಚೀಟಿಯ ಮೇಲೊಂದು ಸಲ ಉಗುರಾಡಿಸಿ, ಒಂದು ರೂಪಾಯಿ ಹಾಕಿ ಹೆಸರು ಯಾರದು ಬರುತ್ತೆ ನೋಡೋದು ಒಳ್ಳೇ ಅಭ್ಯಾಸ.

ಮೂರನೆಯದು ಮಿಲಿಟರಿ ಸಾಹೇಬರ ಫೋನು. ‘ಕ್ಯಾಂಪಿಗೆ ಐವತ್ತು ಊಟ ಬೇಕು, ಅಡ್ವಾನ್ಸ್ ಕಳಿಸ್ತೀವಿ, ಈ ಚೀಟಿ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಅಂತ ಹಿಂದಿಯಲ್ಲಿ ಗತ್ತಿನ ಮಾತು. ಒಂದೇ ಸೂತ್ರ ಕಂಠಪಾಠ ಆದರೆ ಸಾಕು: ದುಡ್ಡು ಕೊಡೋಕೆ ಪಿನ್ ಬೇಕು, ತಗೊಳ್ಳೋಕೆ ಪಿನ್ ಬೇಡ. ಪಿನ್ ಕೇಳಿದ ಅಂದರೆ ಅವನು ಕೊಡೋನಲ್ಲ, ಒಯ್ಯೋನು. ಒಬ್ಬರು ಇನ್ನೊಬ್ಬರಿಗೆ ‘ಇಷ್ಟು ಹಣ ಕೊಡು’ ಅಂತ ಕೋರಿಕೆ ಕಳಿಸುವ ಏರ್ಪಾಡನ್ನೇ ಪಾವತಿ ನಿಗಮ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಆ ಬಾಗಿಲಲ್ಲಿ ಅಷ್ಟು ಮೋಸ ನಡೆದಿತ್ತು ಅಂತಲೇ ಅರ್ಥ.

ಮೋಸ ಆಯ್ತು ಅಂತ ಗೊತ್ತಾದ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಬೇಕು. ನಾಚಿಕೆ ಪಟ್ಟುಕೊಂಡು ಎರಡು ದಿನ ಕೂತರೆ ದುಡ್ಡು ಹತ್ತು ಖಾತೆ ದಾಟಿ ಹೋಗಿರುತ್ತೆ.

ಕದ್ದವನು ಯಾರೋ, ಬೀಗ ಯಾರಿಗೋ

ಈ 1930 ಫೋನಿನಿಂದಲೇ ಹುಟ್ಟಿದ ಇನ್ನೊಂದು ಪೀಕಲಾಟ ಇದೆ. ಬೆಂಗಳೂರಿನ ಯಾರೋ ಒಬ್ಬರಿಗೆ ಲಕ್ಷ ರೂಪಾಯಿ ಮೋಸ ಆಗುತ್ತೆ ಅಂತಿಟ್ಟುಕೊಳ್ಳಿ. ಕಳ್ಳ ಆ ದುಡ್ಡಿನಲ್ಲಿ ರಾಣೆಬೆನ್ನೂರಿಗೆ ಬಂದು 20 ರೂಪಾಯಿ ಚಹಾ ಬಿಸ್ಕತ್ತು ತಿಂದು ಸ್ಕ್ಯಾನ್ ಮಾಡಿ ಹೋಗುತ್ತಾನೆ. ದುಡ್ಡಿನ ಹೆಜ್ಜೆ ಹಿಡಿದು ಬರುವ ಪೊಲೀಸು, ಬ್ಯಾಂಕಿನವರು ಚಹಾ ಅಂಗಡಿಯವನ ಖಾತೆಗೂ ಬೀಗ ಹಾಕುತ್ತಾರೆ. 20 ರೂಪಾಯಿಗೆ ಅಲ್ಲ, ಇಡೀ ಖಾತೆಗೆ! ಹಾಲಿನವನಿಗೆ ಕೊಡೋಕೆ ದುಡ್ಡಿಲ್ಲ, ಸಂಘದ ಕಂತು ಕಟ್ಟೋಕೆ ದುಡ್ಡಿಲ್ಲ. ಬ್ಯಾಂಕಿಗೆ ಹೋದರೆ ‘ಮೇಲಿಂದ ಬಂದಿದೆ ರೀ, ನಮ್ಮ ಕೈಲಿಲ್ಲ’. ಯಾವ ಊರಿನ ಠಾಣೆ ಅಂತ ಕೇಳಿದರೆ ಇನ್ಯಾವುದೋ ರಾಜ್ಯದ ಹೆಸರು. ಇಪ್ಪತ್ತು ರೂಪಾಯಿ ಚಹಾಕ್ಕೆ ಅಲ್ಲಿಗೆ ರೈಲು ಹತ್ತಬೇಕೇ?

ಕೇರಳದಲ್ಲಿ ಇಂಥ ಪ್ರಕರಣಗಳು ಹೈಕೋರ್ಟಿನ ತನಕ ಹೋದವು. ಪೊಲೀಸರು ಹೇಳಿದ ಅನುಮಾನದ ಮೊತ್ತಕ್ಕೆ ಮಾತ್ರ ತಡೆ ಇರಲಿ, ಇಡೀ ಖಾತೆಗೆ ಬೇಡ ಅಂತ ಕೇರಳ ಹೈಕೋರ್ಟ್ 2023ರಲ್ಲಿ ಬ್ಯಾಂಕುಗಳಿಗೆ ಹೇಳಿತು. ನ್ಯಾಯವಾದ ಮಾತು. ಮೋಸ ಹೋದವರ ದುಡ್ಡು ಉಳಿಸೋಕೆ ಬೇಗ ತಡೆ ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. 20 ರೂಪಾಯಿ ಹಿಡಿಯೋಕೆ 20 ಸಾವಿರಕ್ಕೆ ಬೀಗ ಯಾಕೆ ಅನ್ನೋದು ಪ್ರಶ್ನೆ. ಹತ್ತರ ಖೋಟಾ ನೋಟು ಬಂತು ಅಂತ ಹಿಂದೆ ಯಾರಾದರೂ ಇಡೀ ಗಲ್ಲಾ ಪೆಟ್ಟಿಗೆ ಹೊತ್ತುಕೊಂಡು ಹೋಗಿದ್ದುಂಟೇ?

ಯಂತ್ರ ಮಲಗಿದರೆ?

2025ರ ಮಾರ್ಚ್ 26ರ ಸಂಜೆ ದೇಶದ ತುಂಬ ಯುಪಿಐ ಕೈ ಕೊಟ್ಟಿತು. ಏಪ್ರಿಲ್ 12ರಂದು ಮತ್ತೆ ಅದೇ ಕಥೆ. ಊಟ ಮಾಡಿ ಕೈ ತೊಳೆದವರು ಹೋಟೆಲಿನಲ್ಲಿ ಫೋನ್ ಹಿಡಿದು ನಿಂತರು, ಜೇಬಿನಲ್ಲಿ ನೋಟಿಲ್ಲ. ಅದಕ್ಕೂ ಮುಂಚೆ 2024ರ ಜನವರಿ 31ರಂದು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ಕ್ರಮ ತಗೊಂಡಿತು, ಮಾರ್ಚ್ 15ರ ನಂತರ ಅದರ ಖಾತೆಗೆ ಹಣ ತುಂಬುವಂತಿಲ್ಲ ಅಂತಾಯ್ತು. ಆ ಬ್ಯಾಂಕಿನ ಖಾತೆಗೇ ಚೀಟಿ ಜೋಡಿಸಿಕೊಂಡಿದ್ದ ವ್ಯಾಪಾರಿಗಳು ಬೇರೆ ಬ್ಯಾಂಕಿಗೆ ಓಡಾಡಬೇಕಾಯ್ತು.

ಭದ್ರತೆ ಕೊಡುವ ಸಾಫ್ಟ್‌ವೇರೇ ಮುಳುವಾದ ಉದಾಹರಣೆಯೂ ಉಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಕಂಪನಿ ಕಳಿಸಿದ ಒಂದು ತಪ್ಪು ಅಪ್‌ಡೇಟಿನಿಂದ ಪ್ರಪಂಚದಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಮುಖ ಮಾಡಿಕೊಂಡು ಕೂತವು. ಕಂಪ್ಯೂಟರನ್ನು ಕಾಯಬೇಕಾದ ಸಾಫ್ಟ್‌ವೇರ್ ಅದು, ಕಾವಲುಗಾರನೇ ಬಾಗಿಲಿಗೆ ಅಡ್ಡ ಬಿದ್ದ ಹಾಗೆ! ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ವಿಮಾನದವರೇ ಪೆನ್ನು ಹಿಡಿದ ಮೇಲೆ ಅಂಗಡಿಯವರು ರೋಜು ಪುಸ್ತಕ ಯಾಕೆ ಬಿಡಬೇಕು?

ಬಸ್ಸಿನಲ್ಲೂ ಇದೇ ಪಾಠ. ವಾಯವ್ಯ ಸಾರಿಗೆಯ ಕಂಡಕ್ಟರ್ ಹತ್ತಿರವೂ ಈಗ ಸ್ಕ್ಯಾನರ್ ಬಂದಿದೆ, ಒಳ್ಳೇದಾಯ್ತು. ಆದರೆ ಹಾನಗಲ್ ಕಡೆಯ ಹಳ್ಳಿ ದಾರಿಯಲ್ಲಿ ನೆಟ್‌ವರ್ಕ್ ಸಿಗದೆ ಚಕ್ರ ಗಿರಗಿರ ತಿರುಗುತ್ತಾ ನಿಂತರೆ, ಪ್ರಯಾಣಿಕನ ಖಾತೆಯಿಂದ ಹಣ ಹೋಗಿ ಕಂಡಕ್ಟರಿಗೆ ಬಂದ ಸುದ್ದಿ ಸಿಗದಿದ್ದರೆ, ಜಗಳ ಇಬ್ಬರು ಬಡವರ ನಡುವೆ. ‘ಹೋಗೈತ್ರಿ’ ಅಂತ ಅವನು, ‘ಬಂದಿಲ್ರಿ’ ಅಂತ ಇವನು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಸ್ಟೇಜ್ ಬರೋ ಹೊತ್ತಿಗೆ ಟಿಕೆಟ್ ಆಗಿರಬೇಕು, ಚೆಕಿಂಗ್ ಬಂದರೆ ಉತ್ತರ ಕೊಡಬೇಕಾದವನು ಕಂಡಕ್ಟರ್. ಟಿಕೆಟ್ಟಿನಷ್ಟು ನಗದು ಜೇಬಿನಲ್ಲಿ ಇಟ್ಟುಕೊಂಡು ಬಸ್ ಹತ್ತುವವನೇ ಜಾಣ.

ಆಗಬೇಕಾದ್ದು ಏನು?

ಚೀಟಿ ಕಿತ್ತು ಹಾಕೋದು ಉತ್ತರ ಅಲ್ಲ. ‘ನಗದು ಮಾತ್ರ’ ಅಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ನಷ್ಟ ಬೋರ್ಡು ಹಾಕಿದವನಿಗೇ. ಕಾಲ ಹಿಂದಕ್ಕೆ ತಿರುಗೋದಿಲ್ಲ, ಪೆಪ್ಪರಮಿಂಟೂ ವಾಪಸ್ ಬರೋದು ಬೇಡ.

ವ್ಯಾಪಾರಿಗಳು ಮಾಡಬೇಕಾದ್ದು ಮೂರೇ ಕೆಲಸ. ಅಂಗಡಿ ದುಡ್ಡಿಗೇ ಒಂದು ಖಾತೆ, ಮನೆ ದುಡ್ಡಿಗೆ ಬೇರೆ ಖಾತೆ. ತಂಗಿ ಗಂಡನ ಕೈಗಡ ಅಂಗಡಿ ಚೀಟಿಗೆ ಬರಬಾರದು. ಎರಡನೆಯದು, ದಿನಾ ರಾತ್ರಿ ಎರಡು ಸಾಲು ಬರೆಯೋದು: ಇವತ್ತು ಬಂದದ್ದೆಷ್ಟು, ಮಾಲಿಗೆ ಕೊಟ್ಟದ್ದೆಷ್ಟು. ನೋಟಿಸು ಬಂದ ದಿನ ಆ ಎರಡು ಸಾಲೇ ವಕೀಲ. ಮೂರನೆಯದು, ಬೀಗ ಬಿದ್ದರೂ, ಯಂತ್ರ ಮಲಗಿದರೂ ಎರಡು ದಿನ ಅಂಗಡಿ ನಡೆಯುವಷ್ಟು ನಗದು ಗಲ್ಲಾದಲ್ಲಿ ಇರಲಿ. ಬ್ಯಾಂಕಿಗೆ ಬರೆದು ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕ ಇಲ್ಲ ಅನ್ನೋದೂ ನೆನಪಿರಲಿ.

ಆದರೆ ಎಲ್ಲ ಬುದ್ಧಿಮಾತನ್ನೂ ಅಂಗಡಿಯವನಿಗೇ ಹೇಳಿ ದೊಡ್ಡವರನ್ನು ಬಿಟ್ಟರೆ ಅದೂ ಮೋಸವೇ. ಚೀಟಿ ಅಂಟಿಸುವ ಕಂಪನಿಗಳು ಚೀಟಿ ಜತೆಗೇ ಅಚ್ಚ ಕನ್ನಡದಲ್ಲಿ ಅರ್ಧ ಪುಟ ಕೊಡಲಿ: ಈ ಲೆಕ್ಕ ಯಾರು ಯಾರು ನೋಡಬಹುದು, ಡಬ್ಬಿ ಬಾಡಿಗೆ ಎಷ್ಟು, ಮೋಸ ಆದರೆ ಯಾರಿಗೆ ಹೇಳಬೇಕು. ‘ಒಂದು ಒತ್ತಿ, ಎರಡು ಒತ್ತಿ’ ಅನ್ನೋ ಯಂತ್ರದ ಬದಲು ಮಾತಾಡೋಕೆ ಒಬ್ಬ ಮನುಷ್ಯ ಇರಲಿ. ಬ್ಯಾಂಕುಗಳು ಅನುಮಾನದ ಮೊತ್ತಕ್ಕೆ ಮಾತ್ರ ತಡೆ ಹಾಕಲಿ, ಯಾಕೆ ಹಾಕಿದ್ದು ಅಂತ ಅವತ್ತೇ ತಿಳಿಸಲಿ. ತೆರಿಗೆ ಇಲಾಖೆಯವರು ನೋಟಿಸಿಗೆ ಸಹಿ ಹಾಕುವ ಮುಂಚೆ ಅಂಗಡಿಯಲ್ಲಿ ಇರೋದು ಬದನೆಕಾಯೋ ಫ್ರಿಜ್ಜೋ ಅಂತ ಒಂದು ಸಲ ಕಣ್ಣು ಹಾಯಿಸಲಿ. ವರ್ಷಕ್ಕೆರಡು ಸಲ ಸಂತೆಯ ದಿನ ಒಂದು ಮೇಜು ಹಾಕಿಕೊಂಡು ಕೂತು 40 ಲಕ್ಷ, 20 ಲಕ್ಷದ ಲೆಕ್ಕ ಹೇಳಿಕೊಡಲಿ.

ವ್ಯಾಪಾರಿ ತನ್ನ ಗಲ್ಲಾದ ಬೀಗದ ಕೈಯನ್ನು ನಂಬಿಕೆಯ ಮೇಲೆ ಕೊಟ್ಟಿದ್ದಾನೆ. ತಗೊಂಡವರು ಬ್ಯಾಂಕು, ಕಂಪನಿ, ಸರ್ಕಾರ ಮೂವರೂ. ಗಲ್ಲಾ ಎಣಿಸೋಕೆ ಮೂವರೂ ಮುಂದೆ ಬರುತ್ತಾರೆ, ಕಳವಾದ ದಿನ ಉತ್ತರ ಕೊಡೋಕೆ ಒಬ್ಬರೂ ಇಲ್ಲ ಅಂದರೆ ಆ ನಂಬಿಕೆ ಎಷ್ಟು ದಿನ ನಿಂತೀತು? ‘ನಗದು ಮಾತ್ರ’ ಬೋರ್ಡುಗಳನ್ನು ವ್ಯಾಪಾರಿಗಳು ಸದ್ಯಕ್ಕೆ ಒಳಗಿಟ್ಟಿದ್ದಾರೆ, ಸುಟ್ಟು ಹಾಕಿಲ್ಲ. ಸಂಬಂಧಪಟ್ಟವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳುವರೇ?